ಕ್ಷಯರೋಗ ಮತ್ತು ಬಡ ಕುಟುಂಬದ ಲೆಕ್ಕ: ಒಂದು ಚಾರಿತ್ರಿಕ ನೋಟ



ಕನ್ನಡದಲ್ಲಿ 'ಕ್ಷಯ' ಎಂದರೆ ಕುಗ್ಗುವುದು, ಕಡಿಮೆಯಾಗುವುದು. ಉರ್ದುವಿನಲ್ಲಿ ಇದೇ ಕಾಯಿಲೆಗೆ 'ತಪೆದಿಕ್' ಎನ್ನುತ್ತಾರೆ. 'ತಪ್' ಎಂದರೆ ಜ್ವರ, 'ದಿಕ್' ಎಂದರೆ ಸಣ್ಣಗೆ ಸವೆಸುವಂಥದ್ದು. ನಮ್ಮ ಮನೆಗಳ ಆಡುಮಾತಿನಲ್ಲಿ ಯಾರನ್ನಾದರೂ 'ದಿಕ್' ಮಾಡುವುದೆಂದರೆ ಬಿಡದೆ ಕಾಡುವುದು. ಎರಡೂ ಭಾಷೆಗಳ ಹಿರಿಯರು ರೋಗಿಯ ದೇಹ ದಿನದಿನಕ್ಕೆ ಸೊರಗುವುದನ್ನು ಕಂಡು ಈ ಹೆಸರುಗಳನ್ನು ಇಟ್ಟಿರಬೇಕು. ಆದರೆ ಈ ರೋಗದಲ್ಲಿ ಸವೆಯುವುದು ದೇಹ ಮಾತ್ರವಲ್ಲ. ಮನೆಯ ಆದಾಯ, ಒಡವೆ, ಅಡುಗೆಮನೆಯ ಡಬ್ಬಿ, ಕೊನೆಗೆ ಮಕ್ಕಳ ವಿದ್ಯೆ ಎಲ್ಲವೂ ಒಂದೊಂದಾಗಿ ಸವೆಯುತ್ತವೆ. ಈ ಎರಡನೆಯ ಕ್ಷಯದ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ಒಂದು ವಿದ್ಯಾಸಂಸ್ಥೆಯ ವಾರ್ಷಿಕ ಸಂಚಿಕೆಯಲ್ಲಿ ರೋಗದ ಮಾತೇಕೆ ಎಂದು ನೀವು ಕೇಳಬಹುದು. ಕೊನೆಯವರೆಗೆ ಓದಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಹಳೆಯ ರೋಗ

ಕ್ಷಯ ಮನುಷ್ಯನ ಅತಿ ಹಳೆಯ ರೋಗಗಳಲ್ಲಿ ಒಂದು. ನಮ್ಮ ದೇಶದ ಪ್ರಾಚೀನ ವೈದ್ಯರು ಇದನ್ನು 'ರಾಜಯಕ್ಷ್ಮ' ಎಂದು ಕರೆದರು. ಕ್ರಿ.ಶ. 1037ರಲ್ಲಿ ನಿಧನರಾದ ಮಹಾನ್ ವೈದ್ಯ ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಇದನ್ನು ಒಬ್ಬರಿಂದ ಒಬ್ಬರಿಗೆ ಹರಡುವ ರೋಗಗಳ ಸಾಲಿಗೆ ಸೇರಿಸಿದ್ದರು. ಅನೇಕ ಶತಮಾನಗಳ ನಂತರ, 1882ರ ಮಾರ್ಚ್ 24ರಂದು ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಬರ್ಲಿನ್ ನಗರದಲ್ಲಿ ಈ ರೋಗದ ರೋಗಾಣುವನ್ನು ಕಂಡುಹಿಡಿದಿರುವುದಾಗಿ ಪ್ರಕಟಿಸಿದರು. ಆ ದಿನದ ನೆನಪಿಗಾಗಿಯೇ ಪ್ರತಿವರ್ಷ ಮಾರ್ಚ್ 24ನ್ನು ವಿಶ್ವ ಕ್ಷಯರೋಗ ದಿನವಾಗಿ ಆಚರಿಸಲಾಗುತ್ತದೆ.

ರೋಗಾಣು ಗೊತ್ತಾದರೂ ಅದನ್ನು ಕೊಲ್ಲುವ ಔಷಧಕ್ಕಾಗಿ ಜಗತ್ತು ಇನ್ನೂ 60 ವರ್ಷ ಕಾಯಬೇಕಾಯಿತು. ಆ ಕಾಯುವಿಕೆಯ ವೆಚ್ಚವನ್ನು ಯಾರು ಹೇಗೆ ಭರಿಸಿದರು ಎಂಬುದರಿಂದ ನಮ್ಮ ಕಥೆ ಆರಂಭವಾಗುತ್ತದೆ.

ತರಗುಪೇಟೆಯ ಕೆಮ್ಮು

ನಮ್ಮ ತರಗುಪೇಟೆ ದವಸಧಾನ್ಯದ ದಲ್ಲಾಳಿ ವ್ಯಾಪಾರದಿಂದಲೇ ಹೆಸರು ಪಡೆದ ಪೇಟೆ. ಒಂದು ಕಡೆ ಕೋಟೆ, 1791ರಲ್ಲಿ ಪೂರ್ಣಗೊಂಡ ಟಿಪ್ಪು ಸುಲ್ತಾನರ ಬೇಸಿಗೆ ಅರಮನೆ. ಇನ್ನೊಂದು ಕಡೆ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ ಮತ್ತು ಸಿಟಿ ಮಾರ್ಕೆಟ್ಟು. ಅಕ್ಕಿ, ಬೇಳೆಯ ಮಂಡಿಗಳು, ಮೂಟೆ ಹೊರುವ ಹಮಾಲಿಗಳು, ಕೈಗಾಡಿ ತಳ್ಳುವವರು, ಗುಮಾಸ್ತರು, ಚೀಲ ಹೊಲಿಯುವವರು ಇವರೆಲ್ಲರ ದುಡಿಮೆಯಿಂದ ಈ ಪೇಟೆ ನಡೆದುಬಂದಿದೆ. ಇಲ್ಲಿ ದುಡಿಯುವವನಿಗೆ ಕೆಮ್ಮು ಬಂದರೆ 'ದೂಳಿನ ಕೆಮ್ಮು, ಎರಡು ದಿನದಲ್ಲಿ ಹೋಗುತ್ತದೆ' ಎನ್ನುವುದು ಸಹಜ. ಮೆಣಸಿನಕಾಯಿ ಘಾಟು, ಹೊಟ್ಟಿನ ದೂಳು, ಬೀಡಿ ಹೀಗೆ ಕೆಮ್ಮಿಗೆ ಕಾರಣ ಹೇಳಲು ಬೇಕಾದಷ್ಟಿವೆ. ಈ ಸಮಾಧಾನದಲ್ಲಿಯೇ ವಾರಗಳು ಕಳೆದುಹೋಗುತ್ತವೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಊರೆಲ್ಲ ನಡುಗಿತು. ಸರಕಾರ ಎಚ್ಚೆತ್ತು ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳನ್ನು ಕಟ್ಟಿಸಿತು. ಗಾಳಿ, ಬೆಳಕು ಇರುವ ಅಗಲ ರಸ್ತೆಗಳ ಮನೆಗಳಿಗೆ ಅನುಕೂಲಸ್ಥರು ಹೋದರು. ದಿನಗೂಲಿಯ ಮೇಲೆ ಬದುಕುವವರು ಮಂಡಿಯ ಹತ್ತಿರದ ಕಿರಿದಾದ ಓಣಿಗಳನ್ನು ಬಿಟ್ಟು ಹೋಗುವುದು ಸುಲಭವಿರಲಿಲ್ಲ. ಪ್ಲೇಗ್ ಕೆಲವೇ ದಿನಗಳಲ್ಲಿ ಕೊಲ್ಲುತ್ತಿತ್ತು, ಹಾಗಾಗಿ ಎಲ್ಲರ ಕಣ್ಣಿಗೆ ಬಿತ್ತು. ಕ್ಷಯ ವರ್ಷಗಟ್ಟಲೆ ಸದ್ದಿಲ್ಲದೆ ಕೊಲ್ಲುತ್ತದೆ. ಇಕ್ಕಟ್ಟಾದ, ಗಾಳಿಯಾಡದ ಕೋಣೆಗಳು ಅದಕ್ಕೆ ಬಹಳ ಅನುಕೂಲ. ಹೀಗಾಗಿ ಮನೆಯ ಬಾಡಿಗೆ ಎಷ್ಟು ಕೊಡಬಲ್ಲೆವು ಎಂಬುದು ರೋಗದ ಪ್ರಶ್ನೆಯೂ ಆಯಿತು.

ಸ್ಯಾನಿಟೋರಿಯಂ ಕಾಲ

ಔಷಧವಿಲ್ಲದ ಕಾಲದಲ್ಲಿ ಶುದ್ಧ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ ಇವೇ ಚಿಕಿತ್ಸೆ. ಅದಕ್ಕಾಗಿ ಊರ ಹೊರಗೆ ಸ್ಯಾನಿಟೋರಿಯಂಗಳು ಬಂದವು. ನಮಗೆ ಹತ್ತಿರದ ಮದನಪಲ್ಲಿಯ ಬಳಿ ಆರೋಗ್ಯವರಂ ಎಂಬಲ್ಲಿ ಕ್ರೈಸ್ತ ಮಿಷನರಿಗಳ ಸ್ಯಾನಿಟೋರಿಯಂ 1915ರಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ 1921ರಲ್ಲಿ ತೆರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿಯಾದ ಅವರೇ ಈ ರೋಗಕ್ಕೆ ಬಲಿಯಾಗಿದ್ದರು. ಬೆಂಗಳೂರಿನಲ್ಲಿ ಮುಂದೆ ಎಸ್‌ಡಿಎಸ್ ಸ್ಯಾನಿಟೋರಿಯಂ ಬಂತು. ಅದೇ ಇಂದಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ.

ಅರಮನೆಯನ್ನೂ ಬಿಡದ ರೋಗ ಗುಡಿಸಲನ್ನು ಬಿಟ್ಟೀತೇ? ಆದರೆ ರೋಗ ಸಮಾನವಾಗಿದ್ದರೂ ಚಿಕಿತ್ಸೆ ಸಮಾನವಾಗಿರಲಿಲ್ಲ. ಪಂಡಿತ್ ನೆಹರೂ ಅವರ ಪತ್ನಿ ಕಮಲಾ ನೆಹರೂ ಅವರನ್ನು ಭೋವಾಲಿಯ ಸ್ಯಾನಿಟೋರಿಯಂನಿಂದ ಯೂರೋಪಿಗೆ ಕರೆದೊಯ್ಯಲಾಯಿತು. ಆದರೂ 1936ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅವರು ತೀರಿಕೊಂಡರು. ಸಾಮಾನ್ಯ ಜನರಿಗೆ ಹಾಸಿಗೆ ಸಿಗುವುದೇ ಕನಸಾಗಿತ್ತು. 1946ರ ಭೋರ್ ಸಮಿತಿಯ ವರದಿಯ ಪ್ರಕಾರ ದೇಶದಲ್ಲಿ ಸುಮಾರು 25 ಲಕ್ಷ ಕ್ಷಯರೋಗಿಗಳಿದ್ದರು, ವರ್ಷಕ್ಕೆ ಸುಮಾರು 5 ಲಕ್ಷ ಜನ ಸಾಯುತ್ತಿದ್ದರು. ಆದರೆ ಇದ್ದ ಹಾಸಿಗೆಗಳು ಸುಮಾರು 6 ಸಾವಿರ. ಅಂದರೆ 400ಕ್ಕೂ ಹೆಚ್ಚು ರೋಗಿಗಳಿಗೆ ಒಂದು ಹಾಸಿಗೆ!

ಹಾಸಿಗೆ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಸ್ಯಾನಿಟೋರಿಯಂನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇರಬೇಕು. ಮೂಟೆ ಹೊರುವ ತಂದೆ ಅಲ್ಲಿ ಮಲಗಿದರೆ ಇಲ್ಲಿ ಒಲೆ ಉರಿಯುವುದು ಹೇಗೆ? ಆಸ್ಪತ್ರೆ ಊಟಕ್ಕೆ ಹಣ ಕೇಳದಿದ್ದರೂ ಮನೆಯ ಊಟ ನಿಂತುಹೋಗುತ್ತಿತ್ತು. ಬಡವನ ಮಟ್ಟಿಗೆ ಸ್ಯಾನಿಟೋರಿಯಂನ ನಿಜವಾದ ಶುಲ್ಕ ಅವನ ಕೂಲಿಯೇ ಆಗಿತ್ತು.

ದಕ್ಷಿಣ ಭಾರತ ಜಗತ್ತಿಗೆ ಕಲಿಸಿದ್ದು

1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್ ಬಂದವು. ಕ್ಷಯ ವಾಸಿಯಾಗುವ ರೋಗವಾಯಿತು. ಈಗ ಪ್ರಶ್ನೆ: ಔಷಧ ಕೊಡಲು ರೋಗಿಯನ್ನು ಆಸ್ಪತ್ರೆಯಲ್ಲೇ ಮಲಗಿಸಬೇಕೇ?

ಇದಕ್ಕೆ ಉತ್ತರ ಬಂದದ್ದು ಮದರಾಸಿನಿಂದ. 1956ರಲ್ಲಿ ಅಲ್ಲಿ ಆರಂಭವಾದ ಚಿಕಿತ್ಸಾ ಕೇಂದ್ರದಲ್ಲಿ ವಾಲೇಸ್ ಫಾಕ್ಸ್ ಮತ್ತು ಅವರ ಸಂಗಡಿಗರು ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಿಟೋರಿಯಂನಲ್ಲಿ, ಇನ್ನೊಂದಕ್ಕೆ ಅವರವರ ಮನೆಯಲ್ಲೇ ಒಂದು ವರ್ಷ ಔಷಧ ಕೊಟ್ಟರು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಕ್ಕಟ್ಟಾದ ಮನೆ, ಕಡಿಮೆ ಊಟ ಇದ್ದರೂ ಮನೆಯಲ್ಲಿ ಔಷಧ ತೆಗೆದುಕೊಂಡವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಯವರಿಗೆ ರೋಗ ಹರಡುವ ಅಪಾಯವೂ ಹೆಚ್ಚಾಗಿರಲಿಲ್ಲ. ಈ ಒಂದು ಸಂಶೋಧನೆ ಜಗತ್ತಿನಾದ್ಯಂತ ಸ್ಯಾನಿಟೋರಿಯಂಗಳ ಕಾಲವನ್ನು ಮುಗಿಸಿತು.

ಅದೇ 1959ರಲ್ಲಿ ನಮ್ಮ ಬೆಂಗಳೂರಿನ ಬಳ್ಳಾರಿ ರಸ್ತೆಯ 'ಅವಲಾನ್' ಕಟ್ಟಡದಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. 1960ರ ಸೆಪ್ಟೆಂಬರ್‌ನಲ್ಲಿ ನೆಹರೂ ಅವರೇ ಬಂದು ಉದ್ಘಾಟಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಹಾಫ್‌ಡನ್ ಮಾಹ್ಲರ್ ಇಲ್ಲಿ ಕೆಲಸ ಮಾಡಿದವರು.

ಈ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಪ್ರಸಿದ್ಧ. ಬಡವರು ಅಜ್ಞಾನಿಗಳು, ರೋಗ ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಎಂದು ಪಟ್ಟಣದ ವಿದ್ಯಾವಂತರು ನಂಬಿದ್ದರು. ಅಧ್ಯಯನ ತೋರಿಸಿದ್ದು ಬೇರೆ. ಬಹುತೇಕ ಎಲ್ಲರಿಗೂ ತಮ್ಮ ರೋಗಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಜನ ಆಗಲೇ ಯಾವುದೋ ಆಸ್ಪತ್ರೆಗೆ ಹೋಗಿಬಂದಿದ್ದರು. ಆದರೆ ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ! ಬಡವ ತನ್ನ ಕೂಲಿ ಬಿಟ್ಟು, ದಾರಿ ಖರ್ಚು ಹಾಕಿ ಬಾಗಿಲು ತಟ್ಟಿದ್ದ. ಬಾಗಿಲ ಒಳಗಿದ್ದವರು ಗುರುತಿಸಲಿಲ್ಲ. ಈ ಅರಿವಿನ ಮೇಲೆಯೇ 1962ರಿಂದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡಿತು. ಪ್ರತ್ಯೇಕ ದೊಡ್ಡ ಆಸ್ಪತ್ರೆಗಳಿಗೆ ಬದಲಾಗಿ ಜನ ಈಗಾಗಲೇ ಹೋಗುವ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ ಮತ್ತು ಔಷಧ ಉಚಿತವಾಗಿ ಸಿಗಬೇಕು ಎಂಬುದು ಅದರ ಸೂತ್ರ.

ಚಿಕಿತ್ಸೆ ಸಿಗದಿದ್ದರೆ ಏನಾಗುತ್ತದೆ? ಅದನ್ನೂ ಇದೇ ಸಂಸ್ಥೆ ತಿಳಿಸಿತು. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯಲ್ಲಿ, ಕಫದಲ್ಲಿ ರೋಗಾಣು ಇದ್ದವರ ಪೈಕಿ ಸುಮಾರು ಅರ್ಧದಷ್ಟು ಜನ ಐದು ವರ್ಷಗಳೊಳಗೆ ತೀರಿಕೊಂಡಿದ್ದರು. ಐದರಲ್ಲಿ ಒಬ್ಬರಷ್ಟು ಜನ ಇನ್ನೂ ರೋಗ ಹರಡುತ್ತ ನರಳುತ್ತಿದ್ದರು. ಉಳಿದವರು ಮಾತ್ರ ತಾವಾಗಿಯೇ ಚೇತರಿಸಿಕೊಂಡಿದ್ದರು.

ಔಷಧ ಉಚಿತ, ಉಳಿದದ್ದು?

ಕಾರ್ಯಕ್ರಮ ಚೆನ್ನಾಗಿತ್ತು, ಆದರೆ ಹಣವೂ ಔಷಧವೂ ಸಾಲಲಿಲ್ಲ. 1992ರಲ್ಲಿ ಪರಿಶೀಲಿಸಿದಾಗ ಚಿಕಿತ್ಸೆ ಪೂರೈಸುತ್ತಿದ್ದವರು ಅರ್ಧಕ್ಕಿಂತ ಕಡಿಮೆ ಎಂದು ತಿಳಿದುಬಂತು. ಆನಂತರ 1993ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ 'ಡಾಟ್ಸ್' ಪದ್ಧತಿ 1997ರಿಂದ ವಿಸ್ತರಿಸಿ 2006ರ ಹೊತ್ತಿಗೆ ಇಡೀ ದೇಶವನ್ನು ತಲುಪಿತು. ಲಕ್ಷಾಂತರ ಜೀವಗಳು ಉಳಿದವು. ಆದರೆ ಆ ಪದ್ಧತಿಯಲ್ಲಿ ಮೊದಲ ಎರಡು ತಿಂಗಳು ವಾರಕ್ಕೆ ಮೂರು ದಿನ ಕೇಂದ್ರಕ್ಕೆ ಹೋಗಿ, ಕಾರ್ಯಕರ್ತರ ಎದುರಿನಲ್ಲೇ ಮಾತ್ರೆ ನುಂಗಬೇಕಿತ್ತು. ಬೆಳಿಗ್ಗೆ ಲಾರಿ ಬಂದಾಗ ಮಂಡಿಯಲ್ಲಿ ಇಲ್ಲದ ಹಮಾಲಿಗೆ ಆ ದಿನದ ಕೂಲಿ ಇಲ್ಲ. ಮಾತ್ರೆಗೆ ದುಡ್ಡಿಲ್ಲ, ನಿಜ. ಆದರೆ ಮಾತ್ರೆ ತಿನ್ನುವ ದಿನಕ್ಕೆ ದುಡ್ಡಿತ್ತು. 2017ರಿಂದ ಪ್ರತಿದಿನದ ಮಾತ್ರೆಯನ್ನು ಮನೆಯಲ್ಲೇ ತೆಗೆದುಕೊಳ್ಳುವ ಕ್ರಮ ಬಂದದ್ದು ಈ ಕಷ್ಟವನ್ನು ಬಹಳಷ್ಟು ಕಡಿಮೆ ಮಾಡಿದೆ.

ಮದರಾಸಿನ ಅದೇ ಸಂಶೋಧನಾ ಕೇಂದ್ರದ ವಿದ್ವಾಂಸರು 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಪ್ರತಿಯೊಬ್ಬ ಶಿಕ್ಷಕರೂ ತಿಳಿದಿರಬೇಕು. 304 ರೋಗಿಗಳನ್ನು ವಿಚಾರಿಸಿ ಅವರು ಹಾಕಿದ ಲೆಕ್ಕ ಹೀಗಿದೆ: ವೈದ್ಯರು, ಪರೀಕ್ಷೆ, ಪ್ರಯಾಣ ಮುಂತಾದ ನೇರ ಖರ್ಚು ಸರಾಸರಿ 2,052 ರೂಪಾಯಿ. ಕೂಲಿ ನಷ್ಟವೇ ಮೊದಲಾದ ಪರೋಕ್ಷ ನಷ್ಟ 3,934 ರೂಪಾಯಿ. ಒಟ್ಟು 5,986 ರೂಪಾಯಿ, ಆ ಕಾಲದಲ್ಲಿ! ಕಳೆದುಹೋದ ಕೆಲಸದ ದಿನಗಳು ಸರಾಸರಿ 83. ಮಾಡಿದ ಸಾಲ ಸರಾಸರಿ 2,079 ರೂಪಾಯಿ.

ಹಳೆಯ ರೂಪಾಯಿಯ ಲೆಕ್ಕ ಇಂದು ಸಣ್ಣದಾಗಿ ಕಾಣಬಹುದು. ಹಾಗಾದರೆ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ದುಡಿಯುವವರ ಇಂದಿನ ದಿನದ ಸಂಪಾದನೆಯನ್ನು 83ರಿಂದ ಗುಣಿಸಿ ನೋಡಿ. ಬಂದ ಮೊತ್ತವನ್ನು ಎದುರಿಗಿಟ್ಟುಕೊಂಡು ಮನೆ ಬಾಡಿಗೆ, ರೇಷನ್, ಶಾಲೆಯ ಫೀಜು ಯಾವುದನ್ನು ಬಿಡಬಹುದು ಎಂದು ಯೋಚಿಸಿ.

ಜಗತ್ತಿನ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಪರಾಮರ್ಶೆಯೂ ಇದನ್ನೇ ಹೇಳಿತು. ರೋಗಿಯ ಒಟ್ಟು ಹೊರೆಯಲ್ಲಿ ವೈದ್ಯಕೀಯ ಖರ್ಚು ಐದರಲ್ಲಿ ಒಂದು ಪಾಲು, ಪ್ರಯಾಣ ಮತ್ತು ಆಹಾರದ ಖರ್ಚು ಇನ್ನೊಂದು ಪಾಲು. ಉಳಿದ ಮೂರು ಪಾಲು ಆದಾಯದ ನಷ್ಟ. ಇನ್ನೊಂದು ಮುಖ್ಯ ಸಂಗತಿ, ಈ ಹೊರೆಯಲ್ಲಿ ಸುಮಾರು ಅರ್ಧ ಭಾಗ ಚಿಕಿತ್ಸೆ ಆರಂಭವಾಗುವ ಮೊದಲೇ ಬೀಳುತ್ತದೆ. ರೋಗ ಯಾವುದೆಂದು ಗೊತ್ತಾಗುವ ಮುನ್ನ ಒಬ್ಬ ಡಾಕ್ಟರಿಂದ ಇನ್ನೊಬ್ಬರಿಗೆ ಅಲೆಯುವುದು, ಟಾನಿಕ್, ಇಂಜೆಕ್ಷನ್, ಎಕ್ಸರೇ, ನಡುವೆ ತಾಯಿತ. ಸರಕಾರದ ಉಚಿತ ಮಾತ್ರೆ ಕೈಗೆ ಬರುವ ಹೊತ್ತಿಗೆ ಒಡವೆ ಗಿರವಿ ಅಂಗಡಿ ಸೇರಿರುತ್ತದೆ. ಬಡ್ಡಿ ಹರಾಮ್ ಎಂದು ತಿಳಿದವರೂ ಕಷ್ಟಕಾಲದಲ್ಲಿ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಹಾಜರಿ ಪುಸ್ತಕದಲ್ಲಿ ಕಾಣುವ ರೋಗ

ಈಗ ನಮ್ಮ ಸಂಸ್ಥೆಗೆ ಸಂಬಂಧಿಸಿದ ಮಾತಿಗೆ ಬರೋಣ. 1999ರ ಆ ಅಧ್ಯಯನದಲ್ಲಿ ಇನ್ನೆರಡು ಅಂಕಿಗಳಿವೆ. ರೋಗಿಗಳ ಮನೆಯ ಶಾಲಾ ಮಕ್ಕಳಲ್ಲಿ ಶೇ. 11ರಷ್ಟು ಜನ ಓದು ನಿಲ್ಲಿಸಿದ್ದರು. ಇನ್ನೂ ಶೇ. 8ರಷ್ಟು ಮಕ್ಕಳು ಸಂಸಾರ ನಡೆಸಲು ಕೆಲಸಕ್ಕೆ ಸೇರಿದ್ದರು. ಎರಡನ್ನೂ ಸೇರಿಸಿದರೆ ಐದು ಮಕ್ಕಳಲ್ಲಿ ಹೆಚ್ಚುಕಡಿಮೆ ಒಬ್ಬರ ಓದಿಗೆ ತಂದೆಯ ಅಥವಾ ತಾಯಿಯ ಕೆಮ್ಮು ಪೆಟ್ಟು ಕೊಟ್ಟಿತ್ತು. ಆ ಮಕ್ಕಳಿಗೆ ರೋಗವಿರಲಿಲ್ಲ. ರೋಗದ ಸಾಲ ಮಾತ್ರ ಅವರ ಪಾಲಿಗೆ ಬಂದಿತ್ತು.

2006ರ ಸಾಚಾರ್ ಸಮಿತಿಯ ವರದಿ 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಜನ ಶಾಲೆಗೆ ಸೇರಿಯೇ ಇಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು ಹೇಳಿದಾಗ ನಾವೆಲ್ಲ ಚರ್ಚೆ ಮಾಡಿದೆವು. ಬಡತನ ಕಾರಣ ಎಂದೆವು. ಆದರೆ ಬಡತನ ಎಂಬ ಒಂದೇ ಪದದ ಒಳಗೆ ಏನೇನಿದೆ ಎಂದು ಬಿಡಿಸಿ ನೋಡಿದವರು ಕಡಿಮೆ. ಅದರಲ್ಲಿ ದೀರ್ಘ ಕಾಯಿಲೆಯೂ ಇದೆ. ಶಿಕ್ಷಕರಾದ ನಮಗೆ ಹಾಜರಿ ಪುಸ್ತಕದಲ್ಲಿ ಕಾಣುವುದು ಗೈರುಹಾಜರಿಯ ಗುರುತು ಮಾತ್ರ. ಮಗ ಗ್ಯಾರೇಜಿಗೋ ಅಂಗಡಿಗೋ ಸೇರಿದ, ಮಗಳು ಅಮ್ಮಿಯ ಬದಲು ಅಡುಗೆಮನೆ ಸೇರಿದಳು ಅಥವಾ ಊದುಬತ್ತಿ ಹೊಸೆಯಲು ಕುಳಿತಳು ಎಂಬುದು ತಡವಾಗಿ ತಿಳಿಯುತ್ತದೆ. ಏಕೆ ಎಂಬುದು ಅನೇಕ ಸಲ ತಿಳಿಯುವುದೇ ಇಲ್ಲ, ಏಕೆಂದರೆ ಮನೆಯವರು ರೋಗದ ಹೆಸರನ್ನೇ ಹೇಳುವುದಿಲ್ಲ.

ಹೇಳದಿರಲು ಕಾರಣವಿದೆ. ಅದೇ ಅಧ್ಯಯನದಲ್ಲಿ ಮಹಿಳಾ ರೋಗಿಗಳ ಪೈಕಿ ಶೇ. 15ರಷ್ಟು ಜನರನ್ನು ಮನೆಯವರೇ ದೂರ ಮಾಡಿದ್ದರು. ಮಗಳ ಸಂಬಂಧ ತಪ್ಪೀತು, ಸೊಸೆಯನ್ನು ತವರಿಗೆ ಕಳಿಸಿಯಾರು, ಮಾಲೀಕರು ಮನೆ ಖಾಲಿ ಮಾಡಿಸಿಯಾರು ಎಂಬ ಭಯ ಇಂದಿಗೂ ಹೋಗಿಲ್ಲ. ಮುಚ್ಚಿಡಲು ಹತ್ತಿರದ ಆಸ್ಪತ್ರೆ ಬಿಟ್ಟು ದೂರದ ಆಸ್ಪತ್ರೆಗೆ ಹೋದರೆ ಅದೂ ಖರ್ಚೇ. ಮರ್ಯಾದೆ ಉಳಿಸಿಕೊಳ್ಳಲು ಬಡವರು ತೆರುವ ಈ ಹಣ ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ.

ಅಕ್ಕಿ, ಬೇಳೆಯ ಪಾಠ

ಇತ್ತೀಚಿನ ವರ್ಷಗಳಲ್ಲಿ ಈ ಹೊರೆಯನ್ನು ಅಧಿಕೃತವಾಗಿ ಗುರುತಿಸಲಾಗಿದೆ ಎಂಬುದು ಸಮಾಧಾನದ ಸಂಗತಿ. ಕ್ಷಯದಿಂದಾಗಿ ಕುಟುಂಬವೊಂದು ತನ್ನ ವಾರ್ಷಿಕ ಆದಾಯದ ಶೇ. 20ಕ್ಕಿಂತ ಹೆಚ್ಚು ಕಳೆದುಕೊಂಡರೆ ಅದನ್ನು ವಿನಾಶಕಾರಿ ವೆಚ್ಚ ಎಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. 2020ರ ಹೊತ್ತಿಗೆ ಅಂಥ ಒಂದು ಕುಟುಂಬವೂ ಇರಬಾರದೆಂದು ಗುರಿ ಇಟ್ಟುಕೊಳ್ಳಲಾಗಿತ್ತು. ಆ ಗುರಿ ಈಡೇರಲಿಲ್ಲ. ಸಮೀಕ್ಷೆ ನಡೆದ ದೇಶಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳ ಕುಟುಂಬಗಳು ಇಂಥ ವೆಚ್ಚಕ್ಕೆ ಸಿಕ್ಕಿವೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ನಮ್ಮ ದೇಶದಲ್ಲೇ ಇದ್ದಾರೆ ಎಂಬುದನ್ನು ಮರೆಯಬಾರದು.

ಭಾರತ ಸರಕಾರ 2018ರ ಏಪ್ರಿಲ್‌ನಿಂದ 'ನಿಕ್ಷಯ್ ಪೋಷಣ್ ಯೋಜನೆ'ಯಲ್ಲಿ ಚಿಕಿತ್ಸೆಯ ಅವಧಿಗೆ ತಿಂಗಳಿಗೆ 500 ರೂಪಾಯಿಯನ್ನು ರೋಗಿಯ ಬ್ಯಾಂಕ್ ಖಾತೆಗೆ ಕೊಡತೊಡಗಿತು. 2024ರ ನವೆಂಬರ್‌ನಿಂದ ಇದು 1,000 ರೂಪಾಯಿ ಆಗಿದೆ. 2022ರಲ್ಲಿ ಆರಂಭವಾದ 'ನಿಕ್ಷಯ್ ಮಿತ್ರ' ವ್ಯವಸ್ಥೆಯಲ್ಲಿ ವ್ಯಕ್ತಿಗಳು, ಸಂಘ ಸಂಸ್ಥೆಗಳು ರೋಗಿಗಳಿಗೆ ಆಹಾರದ ಕಿಟ್ ಕೊಡಲು ಮುಂದೆ ಬರಬಹುದು.

ಆಹಾರಕ್ಕೆ ಎಷ್ಟು ಬಲವಿದೆ ಎಂಬುದನ್ನು ತೋರಿಸಿದವರಲ್ಲಿ ನಮ್ಮ ರಾಜ್ಯದವರೂ ಇದ್ದಾರೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಸಂಗಡಿಗರೊಂದಿಗೆ ಜಾರ್ಖಂಡ್ ರಾಜ್ಯದಲ್ಲಿ 2,800 ರೋಗಿಗಳ ಕುಟುಂಬಗಳಲ್ಲಿ ಪ್ರಯೋಗ ನಡೆಸಿದರು. ಒಂದು ಗುಂಪಿನ ಕುಟುಂಬಗಳಲ್ಲಿ ರೋಗಿಯ ಜೊತೆಗೆ ಮನೆಯ ಉಳಿದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ ಮತ್ತು ವಿಟಮಿನ್ ಮಾತ್ರೆ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಮನೆಗಳ ಇತರರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇ. 39ರಷ್ಟು ಕಡಿಮೆಯಾಯಿತು. ತರಗುಪೇಟೆಯ ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅಕ್ಕಿ, ಬೇಳೆಯ ಮೂಟೆಗಳ ನಡುವೆಯೇ ನಮ್ಮ ಪೇಟೆ ಇದೆ. ಆ ಮೂಟೆ ಹೊತ್ತವನ ಮನೆಯಲ್ಲಿ ಅಕ್ಕಿ, ಬೇಳೆ ಇಲ್ಲದ್ದರಿಂದ ರೋಗ ಬರುವುದಾದರೆ ಅದು ನಮ್ಮೆಲ್ಲರ ಚಿಂತೆಯಾಗಬೇಡವೇ?

ನಾವು ಮಾಡಬಹುದಾದದ್ದು

ಮೊದಲನೆಯದು, ತಡಮಾಡದಿರುವುದು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ದೂಳಿನ ಮೇಲೆ ತಪ್ಪು ಹೊರಿಸದೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಅಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಬೇಗ ರೋಗ ಪತ್ತೆ ಮಾಡುವ 'ಟ್ರೂನ್ಯಾಟ್' ಪರೀಕ್ಷೆಯನ್ನು ರೂಪಿಸಿದ್ದು ನಮ್ಮ ಬೆಂಗಳೂರಿನ ಪ್ರಯೋಗಾಲಯವೇ. ಹೊರೆಯ ಅರ್ಧ ಭಾಗ ಚಿಕಿತ್ಸೆಗೆ ಮೊದಲೇ ಬೀಳುವುದರಿಂದ ಇಲ್ಲಿ ಉಳಿಸಿದ ಪ್ರತಿ ವಾರವೂ ಹಣವೇ.

ಎರಡನೆಯದು ವಿದ್ಯಾರ್ಥಿಗಳೇ, ನಿಮ್ಮ ಕೆಲಸ. ಬ್ಯಾಂಕ್ ಖಾತೆ ಇಲ್ಲದೆ ಅಥವಾ ಕಾಗದಪತ್ರ ಸರಿಯಿಲ್ಲದೆ ಪೋಷಣ್ ಹಣ ಕೈತಪ್ಪಬಹುದು. ಫಾರಂ ತುಂಬಲು, ಖಾತೆ ತೆರೆಸಲು ನಿಮ್ಮ ಅಕ್ಷರಜ್ಞಾನ ಸಾಕು. ಜೊತೆಗೆ ಮನೆಮನೆಯಲ್ಲಿ ಹೇಳಿ: ಔಷಧ ಸರಿಯಾಗಿ ಆರಂಭಿಸಿದ ಕೆಲವೇ ವಾರಗಳಲ್ಲಿ ರೋಗ ಹರಡುವ ಶಕ್ತಿ ಬಹಳ ಕಡಿಮೆಯಾಗುತ್ತದೆ, ರೋಗಿಯನ್ನು ದೂರವಿಡಬೇಕಾಗಿಲ್ಲ, ಆದರೆ ಹುಷಾರಾದಂತೆ ಅನ್ನಿಸಿದರೂ ಡಾಕ್ಟರು ಹೇಳುವವರೆಗೆ ಮಾತ್ರೆ ಬಿಡಬಾರದು.

ಮೂರನೆಯದು ಸಂಸ್ಥೆಯ ಸದಸ್ಯರಿಗೆ. ಜಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಬಡವರು, ನಿರ್ಗತಿಕರು ಮಾತ್ರವಲ್ಲ, ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಕ್ಷಯರೋಗಿಯ ಕುಟುಂಬ ಅನೇಕ ಸಲ ಈ ಮೂರೂ ಆಗಿರುತ್ತದೆ. ರಂಜಾನಿನಲ್ಲಿ ಒಮ್ಮೆ ಕೊಟ್ಟು ಸುಮ್ಮನಾಗದೆ, ಚಿಕಿತ್ಸೆಯ ಆರು ತಿಂಗಳೂ ರೇಷನ್ ತಲುಪುವಂತೆ ನೋಡಿಕೊಂಡರೆ ಆ ಮನೆಯ ಇತರರೂ ಉಳಿಯುತ್ತಾರೆ.

ಕೊನೆಯದಾಗಿ ಒಂದು ಸಣ್ಣ ಸಲಹೆ. ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಉದ್ಯೋಗ, ಆದಾಯ, ಮಗುವಿನ ಅಂಕಗಳನ್ನು ಕೇಳುತ್ತೇವೆ. ಅದರ ಜೊತೆಗೆ 'ಮನೆಯಲ್ಲಿ ದೀರ್ಘಕಾಲದ ಕಾಯಿಲೆ ಇರುವವರು ಇದ್ದಾರೆಯೇ?' ಎಂಬ ಒಂದು ಸಾಲು ಸೇರಿಸೋಣ. ಉತ್ತರವನ್ನು ಗುಟ್ಟಾಗಿಟ್ಟು, ಅಂಥ ಮಕ್ಕಳಿಗೆ ಅಂಕ ಕಡಿಮೆ ಬಂದಿದ್ದರೂ ಆ ವರ್ಷ ನೆರವು ನಿಲ್ಲದಂತೆ ನೋಡಿಕೊಳ್ಳೋಣ. ತಂದೆ ಗುಣವಾಗಿ ಮತ್ತೆ ಮಂಡಿಗೆ ಹೋಗುವ ದಿನ ಮಗ ಇನ್ನೂ ತರಗತಿಯಲ್ಲೇ ಕುಳಿತಿರಬೇಕು. ಈ ರೋಗದ ವಿರುದ್ಧ ಒಂದು ವಿದ್ಯಾಸಂಸ್ಥೆ ಮಾಡಬಹುದಾದ ಕೆಲಸ ಇದು, ಮತ್ತು ಇದನ್ನು ಈ ವರ್ಷದಿಂದಲೇ ಆರಂಭಿಸಬಹುದು.